ಹತ್ತಿನೂಲಿನ ಒರೆಸುವ ಅರಿವೆ: ಶಾಲೆಗೊಂದು ಹೆಣಿಗೆಯ ಪಾಠ

ಶಾಲೆಗಳಲ್ಲಿ ಕಲಿಸುವ ಕೈಕೆಲಸದ ಬೆಲೆಯನ್ನು ಅಳೆಯಲು ಒಂದು ಸರಳವಾದ ಒರೆಗಲ್ಲಿದೆ. ಮಗು ಮಾಡಿದ ವಸ್ತುವು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದೇ ಆ ಒರೆಗಲ್ಲು. ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಒಂದು ದಿನ ಮೆರೆದು, ಮರುದಿನದಿಂದ ಗಾಜಿನ ಕಪಾಟಿನಲ್ಲಿ ಧೂಳು ತಿನ್ನುವ ವಸ್ತುವಾದರೆ ಆ ಪಾಠ ಅರ್ಧಕ್ಕೆ ನಿಂತಿತೆಂದೇ ತಿಳಿಯಬೇಕು. ಅದು ಮನೆಯನ್ನೋ ದಾಸೋಹದ ಅಡುಗೆಮನೆಯನ್ನೋ ಸೇರಿ, ದಿನವೂ ನೀರು ಬೆಂಕಿಗಳ ಪರೀಕ್ಷೆಗೆ ಒಳಗಾಗಿ ಸವೆದರೆ ಮಾತ್ರ ಪಾಠ ಪೂರ್ಣವಾಯಿತೆನ್ನಬಹುದು.

ಈ ದೃಷ್ಟಿಯಿಂದ ನೋಡಿದರೆ ಹೆಣಿಗೆಯ ಪಾಠವು ಕಲಬುರಗಿ ಸೀಮೆಯಲ್ಲಿ ಮರುವಿಚಾರಕ್ಕೆ ಅರ್ಹವಾಗಿದೆ. ಹೆಣಿಗೆಯೆಂದ ಕೂಡಲೆ ಉಣ್ಣೆಯ ಸ್ವೆಟರು, ಮಫ್ಲರು, ಕುಲಾವಿಗಳೇ ಕಣ್ಣಮುಂದೆ ಬರುತ್ತವೆ. ಇವು ಚಳಿನಾಡಿನ ಉಡುಪುಗಳು. ಬೇಸಗೆಯಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಅತನೂರ, ಕರಜಗಿ, ಗಾಣಗಾಪುರಗಳಂಥ ಊರುಗಳಲ್ಲಿ ಅವುಗಳ ಬಳಕೆ ವರ್ಷದಲ್ಲಿ ಕೆಲವೇ ವಾರಗಳದು. ಬಳಕೆಯಿಲ್ಲದ ವಸ್ತುವನ್ನು ಹೆಣೆದ ಮಗು ಹೆಣಿಗೆಯನ್ನೇ ಬಳಕೆಯಿಲ್ಲದ ವಿದ್ಯೆಯೆಂದು ಭಾವಿಸಿದರೆ ಅದು ಮಗುವಿನ ತಪ್ಪಲ್ಲ. ಆದುದರಿಂದ ಉಣ್ಣೆಯ ಬದಲು ಹತ್ತಿಯನ್ನೂ, ಸ್ವೆಟರಿನ ಬದಲು ಭಾಂಡೆ ಒರೆಸುವ ಒಂದು ಚೌಕದ ಅರಿವೆಯನ್ನೂ ಮೊದಲ ಪಾಠವಾಗಿ ಇಟ್ಟುಕೊಳ್ಳುವುದು ಉಚಿತ. ಆ ಪಾಠದ ಕ್ರಮವನ್ನೂ ಕಾರಣವನ್ನೂ ಇಲ್ಲಿ ವಿವರಿಸಲಾಗಿದೆ.

ನಾಡು ಮತ್ತು ನೂಲು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಜೋಳ ತೊಗರಿಗಳ ಜೊತೆಗೆ ಹತ್ತಿಯೂ ಬೆಳೆಯುತ್ತದೆ. ಇಲ್ಲಿಯ ಮಗು ಹತ್ತಿಯ ಗಿಡವನ್ನು ಕಂಡಿರುತ್ತದೆ, ಕಾಯಿ ಒಡೆದು ಅರಳೆ ಹೊರಚೆಲ್ಲುವುದನ್ನು ಕಂಡಿರುತ್ತದೆ. ಹತ್ತಿ ಬಿಡಿಸುವ ಕೆಲಸದಲ್ಲಿ ಮನೆಯವರಿಗೆ ನೆರವಾಗಿರುವುದೂ ಉಂಟು. ಆದರೆ ಹೊಲದಿಂದ ಹೋದ ಹತ್ತಿ ಅಂಗಡಿಯಲ್ಲಿ ಬಟ್ಟೆಯಾಗಿ ಮರಳುವವರೆಗಿನ ದಾರಿ ಅದಕ್ಕೆ ಅಪರಿಚಿತ. ಕಲಬುರಗಿಯಲ್ಲಿ ಒಂದು ಕಾಲಕ್ಕೆ ಸಾವಿರಾರು ಜನರಿಗೆ ಅನ್ನ ನೀಡಿದ ಮಹಬೂಬ ಶಾಹಿ ಗಿರಣಿಯೂ ನಿಂತುಹೋದ ಮೇಲೆ ಆ ದಾರಿ ಇನ್ನಷ್ಟು ಮರೆಯಾಯಿತು.

ಈ ಸೀಮೆಗೆ ನೂಲು ಹೊಸದೇನೂ ಅಲ್ಲ. ಆದ್ಯ ವಚನಕಾರರಲ್ಲಿ ಒಬ್ಬನೆಂದು ಎಣಿಸಲಾಗುವ ಜೇಡರ ದಾಸಿಮಯ್ಯನು ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಮುದನೂರಿನವನು. ನೇಯ್ಗೆ ಆತನ ಕಾಯಕ. ಹನ್ನೆರಡನೆಯ ಶತಮಾನದ ಶರಣೆ ಕದಿರೆ ರೆಮ್ಮವ್ವೆಯದು ನೂಲುವ ಕಾಯಕ. ಆಕೆ ತಾನು ತಿರುಗಿಸುತ್ತಿದ್ದ ರಾಟೆಯ ಅವಯವಗಳನ್ನೇ ತತ್ತ್ವದ ಸಂಕೇತಗಳನ್ನಾಗಿ ಮಾಡಿಕೊಂಡು ವಚನ ರಚಿಸಿದಳು. ನುಲಿಯ ಚಂದಯ್ಯನು ಹುಲ್ಲನ್ನು ಹೊಸೆದು ಹಗ್ಗ ಮಾಡಿ, ಅದರಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಿದನು. ಇವರ ಹೆಸರುಗಳನ್ನು ಶಾಲೆಯ ಮಕ್ಕಳು ಬಾಯಿಪಾಠವಾಗಿ ಬಲ್ಲರು. ನೂಲಿನ ಒಂದು ಎಳೆಯನ್ನು ಕೈಯಲ್ಲಿ ಹಿಡಿದು, ಅದು ಏಕೆ ತುಂಡಾಗುತ್ತದೆ, ಹುರಿಗೊಳಿಸಿದರೆ ಏಕೆ ಗಟ್ಟಿಯಾಗುತ್ತದೆ ಎಂಬುದನ್ನು ಅರಿತ ಮಗುವಿಗೆ ಮಾತ್ರ ಆ ಹೆಸರುಗಳ ಹಿಂದಿನ ದುಡಿಮೆ ಅರ್ಥವಾಗುತ್ತದೆ.

ಹೆಣಿಗೆಯ ಸ್ವರೂಪ

ಮಗ್ಗದ ಬಟ್ಟೆಗೆ ಹಾಸು ಹೊಕ್ಕುಗಳೆಂಬ ಎರಡು ನೂಲುಗಳು ಬೇಕು. ಹಾಸು ಉದ್ದಕ್ಕೆ ಬಿಗಿದು ನಿಂತಿದ್ದರೆ ಹೊಕ್ಕು ಅಡ್ಡಲಾಗಿ ಹಾಯುತ್ತದೆ. ಹೆಣಿಗೆಯಲ್ಲಾದರೋ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಮೇಲೇರುತ್ತದೆ. ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನ ಕುಣಿಕೆಯೊಳಗಿಂದ ಹೊರಬರುತ್ತದೆ. ಈ ಭೇದವನ್ನು ತೋರಿಸಲು ಬೇರೆ ಉಪಕರಣ ಬೇಡ. ಒಂದು ಪಂಚೆಯನ್ನೂ ಒಂದು ಬನಿಯನ್ನನ್ನೂ ಪಕ್ಕಪಕ್ಕದಲ್ಲಿರಿಸಿ ಎಳೆದು ತೋರಿಸಿದರೆ ಸಾಕು. ಪಂಚೆ ಹಿಗ್ಗುವುದಿಲ್ಲ, ಬನಿಯನ್ ಹಿಗ್ಗುತ್ತದೆ. ಬನಿಯನ್ ಯಂತ್ರದಲ್ಲಿ ಹೆಣೆದ ಹತ್ತಿಯ ಬಟ್ಟೆ. ಅಂತಹ ಯಂತ್ರದ ಮೂಲಪುರುಷನಾದ ಇಂಗ್ಲೆಂಡಿನ ವಿಲಿಯಂ ಲೀ ತನ್ನ ಹೆಣಿಗೆಯ ಚೌಕಟ್ಟನ್ನು ರಚಿಸಿದುದು 1589ರಲ್ಲಿ.

ಹೆಣಿಗೆಯೆಂದರೆ ಉಣ್ಣೆ ಎಂಬ ಭಾವನೆಯೂ ಇತಿಹಾಸಕ್ಕೆ ಒಪ್ಪುವಂಥದಲ್ಲ. ಉಳಿದುಬಂದಿರುವ ಅತಿ ಹಳೆಯ ಹೆಣಿಗೆಯ ತುಣುಕುಗಳು ಈಜಿಪ್ಟಿನಲ್ಲಿ ದೊರೆತವು, ಅವು ಮಧ್ಯಯುಗದವು. ಅವುಗಳಲ್ಲಿ ನೀಲಿ ಬಿಳಿ ಬಣ್ಣಗಳ ಹತ್ತಿಯ ಕಾಲುಚೀಲಗಳು ಪ್ರಸಿದ್ಧವಾಗಿವೆ. ಹತ್ತಿಯನ್ನು ಹೆಣೆಯುವುದು ಹೀಗೆ ಈ ವಿದ್ಯೆಯ ಹಳೆಯ ದಾರಿಯೇ ಆಗಿದೆ.

ನೂಲು ಮತ್ತು ಕಡ್ಡಿ

ಹತ್ತಿ ಉಣ್ಣೆಗಳ ಗುಣಭೇದವನ್ನು ಮೊದಲು ತಿಳಿದಿರಬೇಕು. ಉಣ್ಣೆಗೆ ಸ್ಥಿತಿಸ್ಥಾಪಕ ಗುಣ ಹೆಚ್ಚು. ಎಳೆದರೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಹತ್ತಿಗೆ ಆ ಗುಣ ಬಹಳ ಕಡಿಮೆ. ಉಣ್ಣೆ ನೀರಿನಲ್ಲಿ ನೆನೆದಾಗ ಬಲಗುಂದುತ್ತದೆ. ಹತ್ತಿಯ ಎಳೆ ನೆನೆದಾಗ ಒಣಗಿದ್ದಾಗಿನದಕ್ಕಿಂತ ಬಲಗೊಳ್ಳುತ್ತದೆ. ಕುದಿಯುವ ನೀರಿನಲ್ಲಿ ತಿಕ್ಕಿದರೆ ಉಣ್ಣೆ ಮುದ್ದೆಗಟ್ಟುತ್ತದೆ, ಹತ್ತಿ ತಡೆದುಕೊಳ್ಳುತ್ತದೆ. ಪಾತ್ರೆ ಒರೆಸಲು ಹತ್ತಿಯೇ ತಕ್ಕುದೆಂಬುದಕ್ಕೆ ಇಷ್ಟು ಕಾರಣಗಳು ಸಾಕು.

ನೂಲು ದಪ್ಪವಾಗಿರಬೇಕು. ಹೆಣಿಗೆಗೆಂದೇ ಸಿದ್ಧವಾದ ದಪ್ಪ ಹತ್ತಿನೂಲು ದೊರೆಯದಿದ್ದರೆ ಮಗ್ಗದ ನೂಲಿನಿಂದಲೂ ಅದನ್ನು ಮಾಡಿಕೊಳ್ಳಬಹುದು. ಇಲ್ಲಿ ಗಣಿತದ ಒಂದು ಪಾಠವೂ ಅಡಗಿದೆ. ಒಂದು ಪೌಂಡು ತೂಕದ ನೂಲಿನಲ್ಲಿ 840 ಗಜ ಉದ್ದದ ಎಷ್ಟು ಲಡಿಗಳು ಬರುತ್ತವೆಯೋ ಅದೇ ಆ ನೂಲಿನ ನಂಬರು. 10 ನಂಬರಿನ ನೂಲು ಪೌಂಡಿಗೆ 8,400 ಗಜ ಬರುತ್ತದೆ. ಅಂತಹ ಹತ್ತು ಎಳೆಗಳನ್ನು ಕೂಡಿಸಿ ಹಗುರಾಗಿ ಹುರಿಗೊಳಿಸಿದರೆ ಪೌಂಡಿಗೆ ಸುಮಾರು 840 ಗಜ, ಅಂದರೆ 50 ಗ್ರಾಮಿಗೆ ಸುಮಾರು 85 ಮೀಟರು ಬರುವ ನೂಲಾಗುತ್ತದೆ. 20 ನಂಬರಿನ ನೂಲಾದರೆ ಇಪ್ಪತ್ತು ಎಳೆಗಳು ಬೇಕು. ಒಂದು ಅರಿವೆಗೆ 50 ಗ್ರಾಂ ನೂಲು ಸಾಕಾಗುತ್ತದೆ.

ಕಡ್ಡಿಗಳು ಎರಡು, ನಾಲ್ಕೂವರೆ ಮಿಲಿಮೀಟರ್ ದಪ್ಪದವು, ಹಳೆಯ ಅಳತೆಯಲ್ಲಿ 7 ನಂಬರಿನವು. ಹತ್ತಿಗೆ ಹಿಗ್ಗುವ ಗುಣವಿಲ್ಲವಾದ್ದರಿಂದ ಬಿಗಿಯಾಗಿ ಹೆಣೆಯುವ ಮಗುವಿನ ಬೆರಳು ಬೇಗ ನೋಯುತ್ತದೆ. ಅಂತಹವರಿಗೆ 5 ಮಿಲಿಮೀಟರಿನ ಕಡ್ಡಿ ಕೊಡುವುದು ಒಳ್ಳೆಯದು.

ಹೆಣೆಯುವ ಕ್ರಮ

ಈ ಅರಿವೆಗೆ ಎರಡೇ ಕ್ರಿಯೆಗಳು ತಿಳಿದಿದ್ದರೆ ಸಾಕು. ಒಂದು, ಸೀದಾ ಹೆಣಿಗೆ. ನೂಲನ್ನು ಹಿಂದಿಟ್ಟುಕೊಂಡು, ಬಲಗೈ ಕಡ್ಡಿಯನ್ನು ಎಡಗೈ ಕಡ್ಡಿಯ ಮೊದಲ ಕುಣಿಕೆಯಲ್ಲಿ ಮುಂದಿನಿಂದ ಹಿಂದಕ್ಕೆ ತೂರಿಸಿ, ತುದಿಗೆ ನೂಲು ಸುತ್ತಿ, ಹೊಸ ಕುಣಿಕೆಯನ್ನು ಹಳೆಯದರೊಳಗಿಂದ ಹೊರತೆಗೆದು, ಹಳೆಯದನ್ನು ಕಡ್ಡಿಯಿಂದ ಇಳಿಸುವುದು. ಎರಡು, ಕುಣಿಕೆಯನ್ನು ಹೆಣೆಯದೆ ದಾಟಿಸುವುದು. ಬಲಗೈ ಕಡ್ಡಿಯ ತುದಿಯನ್ನು ಕುಣಿಕೆಯೊಳಗೆ ಬಲದಿಂದ ಎಡಕ್ಕೆ ಹೊಗಿಸಿ, ನೂಲು ಸುತ್ತದೆ, ಕುಣಿಕೆಯನ್ನು ಇದ್ದಂತೆಯೇ ಬಲಗಡ್ಡಿಗೆ ವರ್ಗಾಯಿಸಬೇಕು. ಹೀಗೆ ಮಾಡಿದರೆ ಕುಣಿಕೆ ತಿರುಚಿಕೊಳ್ಳುವುದಿಲ್ಲ. ಉಲ್ಟಾ ಹೆಣಿಗೆ ಈ ಪಾಠದಲ್ಲಿ ಬರುವುದೇ ಇಲ್ಲ.

ಕಡ್ಡಿಗೆ 41 ಕುಣಿಕೆಗಳನ್ನು ಏರಿಸಿಕೊಂಡು, ಅಂಚಿಗಾಗಿ 6 ಸಾಲುಗಳನ್ನು ಪೂರ್ತಿಯಾಗಿ ಸೀದಾ ಹೆಣೆಯಬೇಕು. ಬಳಿಕ ಎದುರಿಗಿರುವ ಮೈಯನ್ನು ಹೊರಮೈಯೆಂದು ನಿಶ್ಚಯಿಸಿ, ಬಣ್ಣದ ನೂಲಿನ ಗುರುತೊಂದನ್ನು ಅದಕ್ಕೆ ಕಟ್ಟಬೇಕು. ಅನಂತರ ಕೆಳಗಿನ 8 ಸಾಲುಗಳ ಆವರ್ತನ ಆರಂಭವಾಗುತ್ತದೆ.

1 ಮತ್ತು 2ನೆಯ ಸಾಲು: ಎಲ್ಲ ಕುಣಿಕೆಗಳೂ ಸೀದಾ.

3ನೆಯ ಸಾಲು, ಹೊರಮೈ: ಮೊದಲ 4 ಕುಣಿಕೆ ಸೀದಾ. ಅಲ್ಲಿಂದ, ನೂಲು ಹಿಂದೆಯೇ ಇರುವಂತೆ 1 ಕುಣಿಕೆ ದಾಟಿಸುವುದು, 1 ಸೀದಾ. ಹೀಗೆ 17 ಬಾರಿ. ಕೊನೆಯ 3 ಸೀದಾ.

4ನೆಯ ಸಾಲು, ಒಳಮೈ: ಮೊದಲ 4 ಸೀದಾ. ನೂಲನ್ನು ಮುಂದಕ್ಕೆ ತಂದು 1 ಕುಣಿಕೆ ದಾಟಿಸಿ, ನೂಲನ್ನು ಹಿಂದಕ್ಕೊಯ್ದು 1 ಸೀದಾ. ಹೀಗೆ 17 ಬಾರಿ. ಕೊನೆಯ 3 ಸೀದಾ. ಹಿಂದಿನ ಸಾಲಿನಲ್ಲಿ ದಾಟಿಸಿದ ಕುಣಿಕೆಗಳೇ ಇಲ್ಲಿಯೂ ದಾಟುತ್ತವೆ.

5 ಮತ್ತು 6ನೆಯ ಸಾಲು: ಎಲ್ಲವೂ ಸೀದಾ.

7ನೆಯ ಸಾಲು, ಹೊರಮೈ: ಮೊದಲ 5 ಸೀದಾ. ನೂಲು ಹಿಂದಿರುವಂತೆ 1 ದಾಟಿಸುವುದು, 1 ಸೀದಾ. ಹೀಗೆ 16 ಬಾರಿ. ಕೊನೆಯ 4 ಸೀದಾ.

8ನೆಯ ಸಾಲು, ಒಳಮೈ: 7ನೆಯ ಸಾಲಿನ ಎಣಿಕೆಯೇ, ಆದರೆ ದಾಟಿಸುವಾಗ ನೂಲು ಮುಂದಿರಬೇಕು, ಹೆಣೆಯುವಾಗ ಹಿಂದಿರಬೇಕು.

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಕುಣಿಕೆ ದಾಟುವಾಗ ನೂಲು ಯಾವಾಗಲೂ ಒಳಮೈಯ ಕಡೆಯಲ್ಲಿರಬೇಕು. ಅರಿವೆಯನ್ನು ತಿರುಗಿಸಿ ಹಿಡಿದಾಗ ಒಳಮೈ ಹೆಣೆಯುವವರ ಎದುರಿಗೆ ಬರುತ್ತದೆಯಾದ್ದರಿಂದ ಆಗ ನೂಲು ಮುಂದೆ ಬರಬೇಕಾಗುತ್ತದೆ. ಮೂರ್ನಾಲ್ಕು ಆವರ್ತನಗಳಾಗುವ ಹೊತ್ತಿಗೆ ಮಗುವಿಗೆ ಬರೆದ ಕ್ರಮದ ಅಗತ್ಯ ತಪ್ಪಿ, ಹೆಣೆದ ಅರಿವೆಯನ್ನೇ ಓದಿಕೊಂಡು ಮುಂದುವರಿಯಲು ಬರುತ್ತದೆ.

ಎಂಟು ಒಂಬತ್ತು ಆವರ್ತನಗಳಲ್ಲಿ ಅರಿವೆ ಹೆಚ್ಚುಕಡಿಮೆ ಚೌಕವಾಗುತ್ತದೆ. ಕೈಯ ಬಿಗಿಗೆ ತಕ್ಕಂತೆ ಇದರಲ್ಲಿ ಹೆಚ್ಚುಕಡಿಮೆಯಾಗಬಹುದು. ಒಂದು ಮೂಲೆಯನ್ನು ಎದುರು ಅಂಚಿಗೆ ತ್ರಿಕೋನವಾಗಿ ಮಡಚಿ ನೋಡಿದರೆ ಚೌಕ ಪೂರ್ಣವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಕೊನೆಯ ಅಂಚಿಗೆ 6 ಸಾಲು ಬಾಕಿಯಿರುವಂತೆ ಆವರ್ತನವನ್ನು ನಿಲ್ಲಿಸಿ, ಆ 6 ಸಾಲುಗಳನ್ನು ಸೀದಾ ಹೆಣೆದು, ಸಡಿಲವಾಗಿ ಕುಣಿಕೆಗಳನ್ನು ಮುಗಿಸಬೇಕು. ಸಿದ್ಧವಾದ ಅರಿವೆಯ ಪ್ರತಿಯೊಂದು ಬದಿಯೂ 20ರಿಂದ 22 ಸೆಂಟಿಮೀಟರ್ ಇರುತ್ತದೆ.

ದಾಟಿಸಿದ ಕುಣಿಕೆಯ ಕೆಲಸ

ಎಂಟು ಸಾಲುಗಳ ಒಂದು ಆವರ್ತನದಲ್ಲಿ ಒಟ್ಟು 328 ಕುಣಿಕೆಗಳ ಸ್ಥಾನಗಳಿವೆ. ಅವುಗಳಲ್ಲಿ ದಾಟಿಸಿದವು 66. ಸುಮಾರು ಐದರಲ್ಲಿ ಒಂದು ಪಾಲು. ಹೆಣೆಯದೆ ಬಿಟ್ಟ ಈ ಒಂದು ಪಾಲೇ ಅರಿವೆಯ ಇಡೀ ಮೈಯನ್ನು ರೂಪಿಸುತ್ತದೆ. ಅದು ಹೇಗೆಂಬುದನ್ನು ಮಕ್ಕಳಿಗೆ ವಿವರಿಸಬೇಕು.

2ನೆಯ ಸಾಲಿನಲ್ಲಿ ಹುಟ್ಟಿದ ಕುಣಿಕೆ 3 ಮತ್ತು 4ನೆಯ ಸಾಲುಗಳಲ್ಲಿ ಹೊಸ ನೂಲನ್ನು ಪಡೆಯದೆ, 5ನೆಯ ಸಾಲಿನವರೆಗೆ ತಾನೊಂದೇ ಏರಬೇಕಾಗುತ್ತದೆ. ಅದರ ನೆರೆಯ ಕುಣಿಕೆಗಳಾದರೋ ಅಷ್ಟರಲ್ಲಿ ಎರಡು ಬಾರಿ ಬೆಳೆದಿರುತ್ತವೆ. ಹೀಗೆ ಎಳೆತಕ್ಕೆ ಸಿಕ್ಕ ಕುಣಿಕೆ ಹೊರಮೈಯಲ್ಲಿ ಉದ್ದನೆಯ ಕಾಳಿನಂತೆ ಎದ್ದು ನಿಲ್ಲುತ್ತದೆ. ಮೇಲಿನ ಕೆಳಗಿನ ಸಾಲುಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಅದರ ಹಿಂದೆ ಎರಡು ಎಳೆ ನೂಲು ಅಡ್ಡಲಾಗಿ ಹಾಯ್ದು ಒಳಮೈಗೆ ದಪ್ಪ ಕೊಡುತ್ತದೆ. 7ನೆಯ ಸಾಲಿನಲ್ಲಿ ದಾಟುವ ಕುಣಿಕೆಗಳು ಮೊದಲಿನವುಗಳ ನಡುವಿನ ಸಂದಿಯಲ್ಲಿ ಬರುವುದರಿಂದ ಕಾಳುಗಳು ಜೋಳದ ತೆನೆಯಲ್ಲಿರುವಂತೆ ಒಂದರ ಸಂದಿನಲ್ಲಿ ಒಂದು ಕೂಡುತ್ತವೆ.

ಉಬ್ಬಿದ ಕಾಳುಗಳು ಪಾತ್ರೆಗೆ ಅಂಟಿದ್ದನ್ನು ಉಜ್ಜುತ್ತವೆ. ನಡುವಿನ ತಗ್ಗುಗಳು ನೀರನ್ನೂ ಕಸರನ್ನೂ ಹಿಡಿಯುತ್ತವೆ. ಕುಣಿಕೆ ದಾಟಿಸುವುದರಿಂದ ನೂಲು ಉಳಿಯುತ್ತದೆಂದು ಮಾತ್ರ ಭಾವಿಸಲಾಗದು. ಸಾಲುಗಳು ಒತ್ತಾಗುವುದರಿಂದ ಅಷ್ಟೇ ಎತ್ತರಕ್ಕೆ ಹೆಚ್ಚು ಸಾಲುಗಳು ಬೇಕಾಗುತ್ತವೆ. ಲಾಭವಿರುವುದು ದಪ್ಪದಲ್ಲಿ ಮತ್ತು ಬಾಳಿಕೆಯಲ್ಲಿ.

ತಪ್ಪು ಮತ್ತು ತಿದ್ದುಪಡಿ

ಆರಂಭದಲ್ಲಿ ಮೂರು ಬಗೆಯ ತಪ್ಪುಗಳು ಸಹಜ. ದಾಟಿಸಿದ ಕುಣಿಕೆಯ ಹಿಂದೆ ಹಾಯುವ ನೂಲನ್ನು ಬಿಗಿಯಾಗಿ ಎಳೆದರೆ ಅರಿವೆ ಸುಕ್ಕುಗಟ್ಟುತ್ತದೆ. ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಸ್ವಲ್ಪ ಅಗಲಿಸಿ ಮುಂದಿನದನ್ನು ಹೆಣೆಯುವುದು ಇದಕ್ಕೆ ಪರಿಹಾರ. ಒಳಮೈಯ ಸಾಲಿನಲ್ಲಿ ನೂಲನ್ನು ಮುಂದೆ ತರುವುದು ಮರೆತರೆ ಅದು ಹೊರಮೈಯ ಕಾಳಿನ ಮೇಲೆ ಅಡ್ಡಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಕುಣಿಕೆಯನ್ನು ದಾಟಿಸಿ ನೂಲನ್ನು ಹಿಂದಕ್ಕೊಯ್ಯುವಾಗ ಅದು ಕಡ್ಡಿಯ ಮೇಲೇರಿದರೆ ಕುಣಿಕೆಗಳ ಎಣಿಕೆ ಹೆಚ್ಚಾಗುತ್ತದೆ. ಆದುದರಿಂದ ಪ್ರತಿ ಆವರ್ತನದ 2 ಮತ್ತು 6ನೆಯ ಸಾಲಿನ ಕೊನೆಗೆ 41 ಕುಣಿಕೆಗಳಿವೆಯೇ ಎಂದು ಎಣಿಸುವ ರೂಢಿಯನ್ನು ಮಾಡಿಸಬೇಕು.

ಹೆಣಿಗೆಯಲ್ಲಿ ತಪ್ಪು ಮುಚ್ಚಿಟ್ಟರೆ ಉಳಿಯುತ್ತದೆ, ಬಿಚ್ಚಿದರೆ ಹೋಗುತ್ತದೆ. ಬಿಚ್ಚಿದ ನೂಲು ನಷ್ಟವಾಗುವುದಿಲ್ಲ. ಅದೇ ನೂಲಿನಿಂದ ಮತ್ತೆ ಹೆಣೆಯಬಹುದು. ಕಾಗದದ ಮೇಲೆ ಕೆಂಪು ಶಾಯಿಯ ಗೆರೆ ಕಂಡು ಕುಗ್ಗುವ ಮಗುವಿಗೆ ಈ ಅನುಭವ ಹಿತಕರವಾದುದು. ಶಿಕ್ಷಕರು ತಾವೇ ಬಿಚ್ಚಿ ಸರಿಪಡಿಸಿ ಕೊಡುವುದಕ್ಕಿಂತ, ತಪ್ಪಾದ ಸ್ಥಳವನ್ನು ಮಗುವೇ ಹುಡುಕುವಂತೆ ಮಾಡುವುದು ಲೇಸು.

ಬಳಕೆ ಮತ್ತು ಶುಚಿ

ಹಸಿ ಹತ್ತಿನೂಲಿನಲ್ಲಿ ಸಹಜವಾದ ಮೇಣದಂಶವಿರುತ್ತದೆ. ಆದುದರಿಂದ ಹೊಸ ಅರಿವೆ ಮೊದಲಿಗೆ ನೀರನ್ನು ಚೆನ್ನಾಗಿ ಹೀರುವುದಿಲ್ಲ. ಸ್ವಲ್ಪ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಜಾಲಿಸಿದರೆ ಈ ದೋಷ ಹೋಗುತ್ತದೆ. ಅರಿವೆ ತುಸು ಕುಗ್ಗಿ ಗಟ್ಟಿಯೂ ಆಗುತ್ತದೆ. ವಿಜ್ಞಾನದ ತರಗತಿಯಲ್ಲಿ ಕುದಿಸಿದ ಅರಿವೆಯ ಮೇಲೆ ಒಂದು ಹನಿ, ಕುದಿಸದುದರ ಮೇಲೆ ಒಂದು ಹನಿ ನೀರು ಬಿಟ್ಟು ತೋರಿಸಬಹುದು. ಒಂದರಲ್ಲಿ ಹನಿ ಕೂಡಲೆ ಹರಡುತ್ತದೆ, ಇನ್ನೊಂದರಲ್ಲಿ ಮುತ್ತಿನಂತೆ ನಿಲ್ಲುತ್ತದೆ.

ಒದ್ದೆ ಅರಿವೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಬಳಸಿದ ಬಳಿಕ ಹಿಂಡಿ ಬಿಸಿಲಿಗೆ ಹರವುವುದು, ವಾರಕ್ಕೊಮ್ಮೆಯಾದರೂ ಕುದಿಸುವುದು, ಭಾಂಡೆಯ ಅರಿವೆಯನ್ನು ನೆಲಕ್ಕಾಗಲಿ ಒಲೆಯ ಮಸಿಗಾಗಲಿ ಬಳಸದಿರುವುದು ಅವಶ್ಯ. ಪ್ಲಾಸ್ಟಿಕ್ ಎಳೆಯ ಉಜ್ಜುಗ ಸವೆದು ತಿಪ್ಪೆ ಸೇರಿದರೆ ಮಣ್ಣಿನಲ್ಲಿ ಕರಗುವುದಿಲ್ಲ. ಹತ್ತಿಯ ಅರಿವೆಯಾದರೋ ಹರಿದು ಚಿಂದಿಯಾದ ಮೇಲೆ ತಾನು ಹುಟ್ಟಿದ ಎರೆಮಣ್ಣಿಗೇ ಗೊಬ್ಬರವಾಗಿ ಮರಳುತ್ತದೆ.

ಶಾಲೆಯಲ್ಲಿ ಈ ಪಾಠದ ಸ್ಥಾನ

ಕೈಕೆಲಸವು ವಿದ್ಯೆಯ ಅಂಗವಾಗಬೇಕೆಂಬ ಮಾತು ಹಳೆಯದು. 1937ರಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟರು. ಝಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪವಿತ್ತಿತು. 1964-66ರ ಕೊಠಾರಿ ಆಯೋಗವು ಕಾರ್ಯಾನುಭವವೆಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಕರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿತು. ಹೆಸರುಗಳು ಬದಲಾದರೂ ವೇಳಾಪಟ್ಟಿಯಲ್ಲಿ ಕೈಕೆಲಸದ ಅವಧಿಯೇ ಮೊದಲು ಬಲಿಯಾಗುವ ಪದ್ಧತಿ ಬದಲಾಗಿಲ್ಲ. ಪರೀಕ್ಷೆ ಸಮೀಪಿಸಿದಂತೆ ಆ ಅವಧಿ ಗಣಿತಕ್ಕೋ ಇಂಗ್ಲಿಷಿಗೋ ಸೇರುತ್ತದೆ. ಕಾಯಕದ ತತ್ತ್ವವನ್ನು ಪ್ರತಿನಿತ್ಯ ಸಾರುವ ಮಠಗಳ ಆಶ್ರಯದ ಶಾಲೆಗಳಾದರೂ ಈ ಪದ್ಧತಿಗೆ ಹೊರತಾಗಿರಬೇಕಾದುದು ನ್ಯಾಯ.

ಹೆಣಿಗೆಯನ್ನು ಹೆಣ್ಣುಮಕ್ಕಳಿಗಷ್ಟೇ ಮೀಸಲಿಡುವುದೂ ಸಲ್ಲದು. ಪೆರು ದೇಶದ ಟಿಟಿಕಾಕಾ ಸರೋವರದ ಟಕೀಲೆ ದ್ವೀಪದಲ್ಲಿ ಗಂಡಸರೇ ಟೊಪ್ಪಿಗೆ ಹೆಣೆಯುತ್ತಾರೆ. ಆ ದ್ವೀಪದ ನೂಲುಕಲೆಯನ್ನು ಯುನೆಸ್ಕೋ 2005ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನೂಲುವ ರೆಮ್ಮವ್ವೆಯೂ ನೇಯುವ ದಾಸಿಮಯ್ಯನೂ ಶರಣ ಪರಂಪರೆಯಲ್ಲಿ ಸಮಾನ ಗೌರವಕ್ಕೆ ಪಾತ್ರರು. ಪ್ರಸಾದನಿಲಯದ ಹುಡುಗನು ತಾನು ಉಂಡ ತಟ್ಟೆಯನ್ನು ತಾನೇ ಹೆಣೆದ ಅರಿವೆಯಿಂದ ಒರೆಸಿಡುವುದನ್ನು ಕಲಿತರೆ, ಮನೆಗೆ ಹೋದಾಗ ತಾಯಿ ಅಕ್ಕತಂಗಿಯರ ದುಡಿಮೆಯನ್ನು ನೋಡುವ ಅವನ ದೃಷ್ಟಿಯೂ ತಿದ್ದಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕೈಕೆಲಸದ ಉತ್ಪತ್ತಿಯಿಂದ ಶಾಲೆಯ ಖರ್ಚು ಸಾಗಿಸುವ ವಿಚಾರವು ಮಕ್ಕಳನ್ನು ಕೂಲಿಯಾಳುಗಳನ್ನಾಗಿ ಮಾಡೀತೆಂದು ಮೂಲಶಿಕ್ಷಣದ ವಿಮರ್ಶಕರು ಅಂದೇ ಆಕ್ಷೇಪಿಸಿದ್ದರು. ಆ ಆಕ್ಷೇಪದಲ್ಲಿ ತಿರುಳಿದೆ. ಮಗು ಎಷ್ಟು ಅರಿವೆಗಳನ್ನು ಹೆಣೆಯಿತೆಂಬುದು ಲೆಕ್ಕಕ್ಕೆ ಬರಬಾರದು. ಒಂದನ್ನು ತಿಳಿದು ಹೆಣೆಯಿತೇ ಎಂಬುದಷ್ಟೇ ಬರಬೇಕು. ಮೊದಲ ಅರಿವೆ ಮಗುವಿನ ಮನೆಗೆ, ಎರಡನೆಯದನ್ನು ಹೆಣೆಯುವ ಮನಸ್ಸಿದ್ದರೆ ಅದು ದಾಸೋಹಕ್ಕೆ. ಮಾರಾಟದ ಮಾತು ಶಾಲೆಯಲ್ಲಿ ಬೇಡ. ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ಮಹಾದಾಸೋಹಿಯೆನಿಸಿದ ಶರಣಬಸವೇಶ್ವರರ ನಾಡಿನಲ್ಲಿ, ಅನ್ನ ನೀಡುವ ಕೈಯಷ್ಟೇ ಪಾತ್ರೆ ಶುಚಿಗೊಳಿಸುವ ಕೈಯೂ ದಾಸೋಹದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖರ್ಚಿನ ದೃಷ್ಟಿಯಿಂದಲೂ ಈ ಪಾಠ ಭಾರವಾದುದಲ್ಲ. 40 ಮಕ್ಕಳ ತರಗತಿಗೆ 2 ಕಿಲೋಗ್ರಾಂ ಹತ್ತಿನೂಲು, 40 ಜೊತೆ ಕಡ್ಡಿಗಳು ಬೇಕು. ನೂಲು ವರ್ಷವರ್ಷವೂ ಬೇಕಾದುದು. ಕಡ್ಡಿಗಳು ಒಮ್ಮೆ ಕೊಂಡರೆ ಹಲವು ತರಗತಿಗಳಿಗೆ ಬರುತ್ತವೆ. ಕಟ್ಟಡಕ್ಕೂ ಕೊಠಡಿಗೂ ಕೊಡುಗೈಯಿಂದ ನೀಡಿರುವ ದಾನಿಗಳಿಗೆ ಇದು ಅಲ್ಪವಾಗಿ ತೋರಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ಹೆಣಿಗೆ ಬಲ್ಲವರು, ಮಗ್ಗದ ಮನೆತನದವರು, ಹತ್ತಿಯ ವ್ಯಾಪಾರದಲ್ಲಿರುವವರು ತಿಂಗಳಿಗೊಂದು ಮಧ್ಯಾಹ್ನ ಶಾಲೆಗೆ ಬಂದು ಮಕ್ಕಳ ಪಕ್ಕದಲ್ಲಿ ಕುಳಿತರೆ ಅದರ ಬೆಲೆ ಹಣದಲ್ಲಿ ಕಟ್ಟುವಂಥದಲ್ಲ. ಶಿಕ್ಷಕರು ಮಾಡಬೇಕಾದುದಾದರೋ ಇನ್ನೂ ಸರಳ: ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿಯನ್ನು ಗೊತ್ತುಮಾಡಿ, ಪರೀಕ್ಷೆಯ ತಿಂಗಳಲ್ಲಿಯೂ ಅದನ್ನು ಬೇರೆ ವಿಷಯಕ್ಕೆ ಬಿಟ್ಟುಕೊಡದಿರುವುದು.